ಹನ್ನೊಂದನೆಯ ಜಪ

ಅತ್ತೆ ಬರೆದುಕೊಟ್ಟಿದ್ದ ಕಾಗದದಲ್ಲಿ ಹತ್ತೊಂಬತ್ತು ಸಾಲುಗಳಿದ್ದವು, ಅವುಗಳಲ್ಲಿ ಎರಡು ಸುಳ್ಳು. ಹದಿನಾಲ್ಕನೆಯ ಸಾಲಿನ ಸುಳ್ಳು ತಾತನದು, ಹತ್ತೊಂಬತ್ತನೆಯದು ಆ ಕಾಗದವನ್ನು ತಾತನ ಸಾವಿನ ಪೂಜೆಯಲ್ಲಿ ಓದಬೇಕಿದ್ದ ಮೊಮ್ಮಗನದು. ಎರಡೂ ಸುಳ್ಳೆಂದು ಬಲ್ಲವನು ಇಡೀ ಚರ್ಚಿನಲ್ಲಿ ತಾನೊಬ್ಬನೇ ಎಂಬುದು ನೆನಪಾದಾಗಲೆಲ್ಲ ಅಂಗೈ ಬೆವರಿ ಕಾಗದದ ಅಂಚು ಮೆತ್ತಗಾಗುತ್ತಿತ್ತು. ಪೂಜಾವಸ್ತ್ರಗಳ ಕೋಣೆಯ ಬಾಗಿಲಲ್ಲಿ ನಿಂತರೆ ತಾತನ ಶವಪೆಟ್ಟಿಗೆ ಕಾಣುತ್ತಿತ್ತು. ಅದರ ಮೇಲೆ ಮಾಜಿ ಸೈನಿಕರ ಸಂಘದವರು ತಂದಿಟ್ಟ ಟೋಪಿ, ಮೂರು ಪದಕ. ಮೊದಲ ಬೆಂಚಿನಲ್ಲಿ ಅಜ್ಜಿ. ಅವಳು ಅಳುತ್ತಿರಲಿಲ್ಲ, ಪೆಟ್ಟಿಗೆಯನ್ನೂ ನೋಡುತ್ತಿರಲಿಲ್ಲ. ಪೀಠದ ಮೇಲಿನ ಬಿಳಿ ಬಟ್ಟೆಯ ಒಂದು ಮೂಲೆ ಸೊಟ್ಟಗೆ ಇಳಿಬಿದ್ದಿತ್ತು, ಅದನ್ನೇ ನೋಡುತ್ತಿದ್ದಳು. ಎದ್ದುಹೋಗಿ ಸರಿಮಾಡಬೇಕೆಂದು ಅವಳ ಕೈ ತುರಿಸುತ್ತಿದೆಯೆಂದು ಅವನಿಗೆ ಗೊತ್ತಿತ್ತು. ನಲವತ್ತು ವರ್ಷದಿಂದ ಪೀಠದ ಬಟ್ಟೆಗಳನ್ನು, ಗುರುಗಳ ಉಡುಪುಗಳನ್ನು ಒಗೆದು ಇಸ್ತ್ರಿ ಮಾಡುತ್ತಿದ್ದವಳು ಅವಳು. ತಾತ ಬುಟ್ಟಿ ಹೊತ್ತು ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ಪಕ್ಕದಲ್ಲೇ ನಡೆಯಬಾರದೇ ಎಂದು ಯಾರೋ ಕೇಳಿದ್ದಕ್ಕೆ, "ಅಧಿಕಾರಿ ಮುಂದೆ, ಸಿಪಾಯಿ ಹಿಂದೆ" ಎಂದಿದ್ದರಂತೆ. ಬೀದಿಯೆಲ್ಲ ನಕ್ಕಿತ್ತು. ಅಜ್ಜಿ ಮಾತ್ರ ನಕ್ಕಿರಲಿಲ್ಲ.

ಹಿಂದಿನಿಂದ ಅತ್ತೆ ಬಂದು ಅವನ ಕಾಲರ್ ಎಳೆದು ಸರಿಮಾಡಿದಳು. ಎಂದೋ ತೀರಿಕೊಂಡ ಅಪ್ಪನ ಒಬ್ಬಳೇ ತಂಗಿ. ಬೇರೆ ಊರಿನ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿ. ಸಾವಿನ ಮನೆಯನ್ನೂ ಶಾಲಾ ವಾರ್ಷಿಕೋತ್ಸವದಂತೆ ನಡೆಸುವವಳು. "ಹದಿನಾಲ್ಕನೇ ಸಾಲು ಓದಿ ಸ್ವಲ್ಪ ನಿಲ್ಲು ಕಣೋ. ಜನ ಅಳೋ ಜಾಗ ಅದು. ಅಜ್ಜಿ ಕಡೆ ನೋಡಿ ಓದು. ಆಮೇಲೆ ದಮ್ಮಯ್ಯ, ನಿಮ್ಮ ಆಸ್ಪತ್ರೇಲಿ ಕೂಗ್ತೀಯಲ್ಲ, ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ ಅಂತ, ಹಾಗೆ ಮಾತ್ರ ಓದ್ಬೇಡ" ಎಂದಳು. ಅವನು ತಲೆಯಾಡಿಸಿದ. ಹನ್ನೆರಡು ವರ್ಷದಿಂದ ಎಕ್ಸ್‌ರೇ ಕೋಣೆಯಲ್ಲಿ ದಿನಕ್ಕೆ ಅರವತ್ತು ಸಲ ಅದೇ ಮೂರು ಮಾತು ಹೇಳುತ್ತಾ ಬಂದವನಿಗೆ ಬೇರೆ ದನಿಯೇ ಉಳಿದಿರಲಿಲ್ಲ. ಕೋಟಿನ ಬಲಜೇಬಿಗೆ ಕೈಹಾಕಿದರೆ ಬೆರಳಿಗೆ ತಾತನ ಜಪಮಾಲೆ ತಗುಲಿತು. ಸುಟ್ಟುಕೊಂಡವನಂತೆ ಕೈ ಹಿಂದೆಗೆದುಕೊಂಡ.

ಗುರುವಾರ ಬೆಳಿಗ್ಗೆ ಅದನ್ನು ತೆಗೆಸಿದ್ದೂ ಅವನೇ. ಎದೆಯ ಎಕ್ಸ್‌ರೇ ತೆಗೆಯುವಾಗ ಮೈಮೇಲೆ ಲೋಹ ಇರಕೂಡದು. ಸರ, ಗುಂಡಿ, ಪಿನ್ನು, ಏನಿದ್ದರೂ ಬಿಚ್ಚಿ ಕೊಡಿ ಎಂದು ಎಲ್ಲರಿಗೂ ಹೇಳುವಂತೆ ತಾತನಿಗೂ ಹೇಳಿದ್ದ. ತಾತ ಕೊರಳಿಂದ ಜಪಮಾಲೆಯನ್ನು ಬಿಚ್ಚಲಾರದೆ ಬಿಚ್ಚಿ, ಮುತ್ತಿಟ್ಟು, ಅವನ ಅಂಗೈಯಲ್ಲಿಟ್ಟು, "ಜೋಪಾನ ಕಣಪ್ಪ, ಯುದ್ಧಕ್ಕೂ ಬಂದಿತ್ತು ಇದು" ಎಂದಿದ್ದರು. ಹೊರಗೆ ಸಾಲು ಬೆಳೆದಿತ್ತು. ಅವನು ಅದನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಪರದೆಯ ಮೇಲೆ ಚಿತ್ರ ಮೂಡಿತು. ವೈದ್ಯರು ನೋಡುವ ಮೊದಲೇ ಅವನಿಗೆ ಗೊತ್ತಾಯಿತು. ಕಪ್ಪಗಿರಬೇಕಾದ ಎರಡೂ ಕಡೆ ಬೆಳ್ಳಗೆ, ಸುಣ್ಣ ಬಳಿದ ಗೋಡೆಯ ಹಾಗೆ. ಇಂಥದ್ದನ್ನು ಅವನು ಎಷ್ಟೋ ಕಂಡಿದ್ದ. ಎರಡು ದಿನ ದಾಟಿದವರನ್ನು ಮಾತ್ರ ಕಂಡಿರಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದ ಅಜ್ಜಿ ಕತ್ತೆತ್ತಿ, "ಹೇಗಿದೆಯೋ?" ಎಂದಾಗ, "ಪರವಾಗಿಲ್ಲ ಅಜ್ಜಿ, ಮನೆಗೆ ಹೋಗಿ ಸ್ನಾನ ಮಾಡಿ ಬಾ, ನಿನ್ನೆಯಿಂದ ಇಲ್ಲೇ ಇದ್ದೀಯ" ಎಂದಿದ್ದ. ಅವಳು ಹೋದಳು. ಹೋಗದಿದ್ದರೆ ಪಾದ್ರಿಯನ್ನು ಅವಳೇ ಕರೆಸುತ್ತಿದ್ದಳು, ಮಿಕ್ಕದ್ದೇನೂ ಆಗುತ್ತಿರಲಿಲ್ಲ ಎಂಬ ಲೆಕ್ಕವನ್ನು ಮೂರು ದಿನದಿಂದ ಮಾಡುತ್ತಿದ್ದ. ಪ್ರತಿ ಸಲವೂ ಅದು ಅವನ ತಲೆಗೇ ಬಂದು ಕೂರುತ್ತಿತ್ತು.

"ಆ ಕಾಗದ ಸ್ವಲ್ಪ ಕೊಡು, ನೋಡ್ತೀನಿ" ಎಂದು ಗುರುಗಳು ಒಳಗೆ ಬಂದರು. ವಯಸ್ಸಾದವರು. ಉಡುಪಿನ ಒಂದೇ ತೋಳಿಗೆ ಕೈ ಹಾಕಿಕೊಂಡು, ಇನ್ನೊಂದು ತೋಳು ಹಿಂದೆ ಜೋತುಬಿದ್ದಿರುವಾಗಲೇ ಕನ್ನಡಕ ಏರಿಸಿ ಓದತೊಡಗಿದರು. ಓದುತ್ತಾ ಓದುತ್ತಾ ಕೊನೆಯ ಸಾಲಿನಲ್ಲಿ ನಿಂತರು. ಅಂದು ರಣರಂಗದಲ್ಲಿ ಗೆಳೆಯನಿಗೆ ದೊರಕಿಸಿಕೊಟ್ಟ ಕೊನೆಯ ಅಭ್ಯಂಗದ, ಪಾದ್ರಿ ಹಣೆಗೆ ಹಚ್ಚುವ ಪವಿತ್ರ ತೈಲದ ಅನುಗ್ರಹವನ್ನೇ ದೇವರು ಅವರಿಗೂ ದಯಪಾಲಿಸಿದರು ಎಂದು ಅತ್ತೆ ದುಂಡು ಅಕ್ಷರದಲ್ಲಿ ಬರೆದಿದ್ದಳು.

"ಯಾವ ಫಾದರ್ ಬಂದಿದ್ರು?"

ಅವನು ಗೋಡೆಗೆ ತೂಗುಹಾಕಿದ್ದ ಉಡುಪುಗಳನ್ನು ನೋಡಿದ. ಒಂದೊಂದರ ಮಡಿಕೆಯೂ ಅಜ್ಜಿಯ ಕೈಯದು.

"ಗುರುವಾರ ನಾನಂತೂ ಊರಲ್ಲೇ ಇರ್ಲಿಲ್ಲ. ಬುಧವಾರ ಧ್ಯಾನಕೂಟಕ್ಕೆ ಹೋದೋನು ಇವತ್ತು ಬೆಳಿಗ್ಗೆ ಬಂದೆ. ಪಕ್ಕದ ಚರ್ಚಿನೋರಾ?"

"ಯಾರೂ ಬರ್ಲಿಲ್ಲ ಫಾದರ್."

"ಯಾರನ್ನೂ ಕರೀಲಿಲ್ವಾ?"

"ಇಲ್ಲ."

ಗುರುಗಳು ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತರು. ಜೋತುಬಿದ್ದ ತೋಳು ನೆಲಕ್ಕೆ ತಾಕುತ್ತಿತ್ತು. "ನಾನಿಲ್ಲದಾಗ ಯಾರನ್ನ ಕರೀಬೇಕು ಅಂತ ಗೇಟಿಗೇ ನಂಬರು ಬರೆದು ಹಾಕಿದೀನಲ್ಲಪ್ಪ. ಒಂದು ಫೋನು. ಒಂದೇ ಒಂದು ಫೋನು ಮಾಡಿದ್ರೆ ಸಾಕಿತ್ತು." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಜ್ಜಿಗೆ ಗೊತ್ತಾ?"

"ನೀವೇ ಬಂದಿದ್ರಿ ಅಂತ ಹೇಳ್ಬಿಟ್ಟೆ. ಹಣೆಗೆ ಎಣ್ಣೆ ಹಚ್ಚಿದ್ರು ಅಂತಾನೂ ಹೇಳಿದೆ. ದಯವಿಟ್ಟು ಹೇಳ್ಬೇಡಿ ಫಾದರ್. ಅಜ್ಜಿಗೆ ತಡ್ಕೊಳ್ಳೋಕಾಗಲ್ಲ."

"ನಾನಾಗಿ ಹೇಳಲ್ಲ. ಆದ್ರೆ ಆಕೆ ಬಾಯಿಬಿಟ್ಟು ಕೇಳಿದ್ರೆ ಇಲ್ಲ ಅನ್ನೋಕಾಗಲ್ಲ ನನಗೆ. ಈ ಬಟ್ಟೆ ಹಾಕ್ಕೊಂಡು ಸುಳ್ಳು ಹೇಳ್ಲಾ?" ಗುರುಗಳು ಕಾಗದವನ್ನು ಮಡಿಚಿ ಅವನ ಕೈಗಿತ್ತರು. "ಆ ಕೊನೇ ಸಾಲು ಬಿಟ್ಟುಬಿಡು." ಗಂಟೆ ಹೊಡೆಯಿತು. ಎದ್ದು ಇನ್ನೊಂದು ತೋಳಿಗೂ ಕೈ ಹಾಕಿಕೊಂಡು ಅವರು ಹೊರಟರು.

ಅವನು ಅಜ್ಜಿಯ ಪಕ್ಕ ಬಂದು ಕೂತ. ಒಂಬತ್ತು ವರ್ಷದ ಮೇಲೆ ಈ ಬೆಂಚು. ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂಬುದೂ ಮರೆತುಹೋಗಿ, ಅಕ್ಕಪಕ್ಕದವರನ್ನು ಓರೆಗಣ್ಣಿನಲ್ಲಿ ನೋಡುತ್ತಾ ಅರೆಕ್ಷಣ ತಡವಾಗಿ ಏಳುತ್ತಿದ್ದ, ತಡವಾಗಿ ಬಗ್ಗುತ್ತಿದ್ದ. ಹೀಗೆ ಮುಖ ತೋರಿಸದೆ ಒಂಬತ್ತು ವರ್ಷ ಕಳೆದದ್ದೇ ಗುರುವಾರ ಅವನ ಕೈ ಕಟ್ಟಿಹಾಕಿದ್ದು. ಮಧ್ಯಾಹ್ನ ಮೂರು ಗಂಟೆಗೆ, ಎರಡು ಎಕ್ಸ್‌ರೇಗಳ ನಡುವೆ ಬಿಡುವು ಮಾಡಿಕೊಂಡು ವಾರ್ಡಿಗೆ ಓಡಿದಾಗ ತಾತ ಕಣ್ಣು ಮುಚ್ಚಿಕೊಂಡೇ, "ಫಾದರ್‌ನ ಕರೀತೀಯಾ?" ಎಂದಿದ್ದರು. ಫೋನು ಕೈಯಲ್ಲೇ ಇತ್ತು. ಫೋನು ಮಾಡಿದರೆ ಗುರುಗಳು, ಓಹೋ, ನೀನಾ, ಬದುಕಿದ್ದೀಯಾ ಎನ್ನುತ್ತಾರೆ. ಆಮೇಲೆ ಬರುತ್ತಾರೆ. ಬಂದು ವಾರ್ಡಿನವರೆದುರು, ಜೊತೆಗೆ ಕೆಲಸ ಮಾಡುವ ನರ್ಸುಗಳೆದುರು, ನೀನೂ ಮೊಣಕಾಲೂರಪ್ಪಾ ಎನ್ನುತ್ತಾರೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ಮೂರು ದಿನದಿಂದ ಹುಡುಕಿ ಹುಡುಕಿ ಸೋತಿದ್ದ, ನಾಚಿಕೆ ಬಿಟ್ಟರೆ ಮತ್ತೊಂದು ಕಾರಣ ಸಿಗಲಿಲ್ಲ. "ನಾಳೆ ಕರೆಸೋಣ ತಾತ. ಇವತ್ತು ಚೆನ್ನಾಗಿದ್ದೀರಲ್ಲ" ಎಂದಿದ್ದ, ಆ ಬೆಳ್ಳನೆಯ ಚಿತ್ರವನ್ನು ಕಣ್ಣಾರೆ ಕಂಡವನು.

ತಾತ ನಕ್ಕ ಹಾಗಾಯಿತು. ಬೆರಳುಗಳು ಹೊದಿಕೆಯ ಮೇಲೆ ಮಣಿ ಎಣಿಸುವಂತೆ ಆಡುತ್ತಿದ್ದವು, ಮಣಿಗಳು ಅವನ ಜೇಬಿನಲ್ಲಿದ್ದವು. ಅದು ಅವನಿಗೆ ಆಗ ಹೊಳೆಯಲೇ ಇಲ್ಲ. "ನಾಳೆ ಅನ್ನೋದು ಏನು ಅಂತ ನನಗೂ ಗೊತ್ತು ಕಣಪ್ಪ" ಎಂದರು. "ಸರಿ, ನೀನೇ ಕೇಳಿಸ್ಕೊ. ಯಾರಾದ್ರೂ ಕೇಳಿಸ್ಕೊಬೇಕು." ತಾತ ಹೇಳಿದ್ದು ಅಜ್ಜಿಯ ಅಣ್ಣನ ವಿಷಯ. ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಕತೆಯೇ, ಆದರೆ ಒಳಗು ಹೊರಗಾಗಿತ್ತು. ಇಬ್ಬರೂ ಒಂದೇ ಪಡೆಯ ಗೆಳೆಯರು. ಹಿಮ್ಮೆಟ್ಟುವಾಗ ಮೋರಿಯೊಂದರ ಕೆಳಗೆ ಆ ಅಣ್ಣನ ಹೊಟ್ಟೆಗೆ ಗುಂಡು ಬಿತ್ತು. ಪಾದ್ರಿನ ಕರ್ಕೊಂಡ್ ಬಾ ಎಂದ. ಈಗ ಬಂದೆ ಎಂದು ತಾತ ಓಡಿದರು. "ಪಾದ್ರಿ ಅಲ್ಲೇ ಇದ್ರು. ಚಿಕಿತ್ಸೆ ಡೇರೆ ಹತ್ರ. ನನ್ನಿಂದ ಹತ್ತು ಹೆಜ್ಜೆ. ನಾನು ಕರೀಲಿಲ್ಲ. ಕರೆದಿದ್ರೆ ದಾರಿ ತೋರಿಸೋಕೆ ನಾನೇ ವಾಪಸ್ ಹೋಗ್ಬೇಕಿತ್ತಲ್ಲ. ಯಾರೋ ನೀರು ಕೊಟ್ರು, ಕುಡಿದೆ. ಕೂತೆ. ಹೊತ್ತು ಮುಳುಗೋವರೆಗೂ ಕೂತೇ ಇದ್ದೆ. ಹೆಣ ತಂದ್ಮೇಲೆ ಅವನ ಗಡಿಯಾರ ತಗೊಂಡು ನಿಮ್ಮಜ್ಜಿ ಮನೆಗೆ ಹೋದೆ. ಅವಳು ಬಾಗಿಲಲ್ಲೇ ಕೇಳಿದ್ಲು, ಪಾದ್ರಿ ಬಂದಿದ್ರಾ ಅಂತ. ಬಂದಿದ್ರು ಅಂದೆ." ಅವನು ಕೈಗಡಿಯಾರ ನೋಡಿಕೊಂಡ. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. "ಆಯ್ತು ತಾತ, ಮಲಗಿ. ಆಮೇಲೆ ಬರ್ತೀನಿ" ಎಂದು ಹೊದಿಕೆ ಎಳೆದು ಎದ್ದ. ಐದೂವರೆಗೆ ಬಂದಾಗ ಮಂಚದ ಸುತ್ತ ಪರದೆ ಎಳೆದಿದ್ದರು. ಆರಕ್ಕೆ ಅಜ್ಜಿ ಬಂದಳು. ಮನೆಯಲ್ಲಿ ನಿದ್ದೆ ಹತ್ತಿ ಸ್ನಾನ ತಡವಾಗಿತ್ತಂತೆ, ಒದ್ದೆಕೂದಲು ಕೂಡ ಆರಿರಲಿಲ್ಲ. ಪರದೆಯ ಹೊರಗೇ ನಿಂತು ಕೇಳಿದಳು, "ಫಾದರ್ ಬಂದಿದ್ರಾ?"

"ಬಂದಿದ್ರು."

"ನಮ್ಮ ಫಾದರೇನಾ?"

"ಹೌದು ಅಜ್ಜಿ, ಅವರೇ. ಹಣೆಗೆ ಎಣ್ಣೆ ಹಚ್ಚಿದ್ರು." ಅಜ್ಜಿ ಅವನ ಮುಖವನ್ನು ನೋಡಿದಳು, ತುಸು ಹೆಚ್ಚೇ ಹೊತ್ತು. ಆಮೇಲೆ ಒಳಗೆ ಹೋಗಿ ತಾತನ ಹಣೆಗೆ ಮುತ್ತಿಟ್ಟಳು. ಪಾದ್ರಿಯಿಲ್ಲದ ಸಾವೆಂದರೆ ಅವಳಿಗೆ ಏನೆಂದು ಅವನು ಚಿಕ್ಕಂದಿನಿಂದ ಕೇಳಿದ್ದ. ಯಾರೂ ಬೀಳ್ಕೊಡದೆ, ಬುತ್ತಿಯೂ ಇಲ್ಲದೆ, ಕತ್ತಲಲ್ಲಿ ಹೊರಟ ಹಾಗಂತೆ.

ಹೆಸರು ಕರೆದರು. ಅವನು ಎದ್ದು ಹೋಗಿ ಮೈಕಿನ ಮುಂದೆ ನಿಂತ. ಮೊದಲ ಸಾಲುಗಳು ಸಲೀಸಾಗಿ ಹೋದವು. ದಿನ ತಪ್ಪದೆ ಮುಂಜಾನೆಯ ಪೂಜೆಗೆ ಬರುತ್ತಿದ್ದುದು, ಗುಂಡು ಸವರಿ ಹೋದ ಮೊಣಕಾಲನ್ನೇ ಬರಿನೆಲಕ್ಕೂರಿ ಜಪ ಮಾಡುತ್ತಿದ್ದುದು, ಮಡದಿಯ ಚಪ್ಪಲಿಗೂ ಸೈನ್ಯದ ಬೂಟಿನಂತೆ ಪಾಲಿಶ್ ಹಾಕುತ್ತಿದ್ದುದು. ಜನ ನಕ್ಕರು, ಮೂಗೊರೆಸಿಕೊಂಡರು. ಹದಿನಾಲ್ಕನೆಯ ಸಾಲು ಬಂತು. ಗುಂಡುಗಳ ನಡುವೆಯೇ ಓಡಿಹೋಗಿ ಪಾದ್ರಿಯನ್ನು ಕರೆತಂದು, ಸಾಯುತ್ತಿದ್ದ ಗೆಳೆಯನ ಆತ್ಮವನ್ನು ದೇವರ ಕೈಗೊಪ್ಪಿಸಿದ ಧೀರ. ಓದಿದ. ನಿಂತ. ಅತ್ತೆ ಕಣ್ಸನ್ನೆ ಮಾಡುತ್ತಿದ್ದಳು, ಅಜ್ಜಿ ಕಡೆ ನೋಡು ಅಂತ. ನೋಡಿದ. ಅಜ್ಜಿ ಅವನನ್ನೇ ನೋಡುತ್ತಿದ್ದಳು, ಅವಳ ಮುಖದಲ್ಲಿ ಏನೂ ಇರಲಿಲ್ಲ, ಬಸ್ಸಿಗೆ ಕಾಯುವವರ ಮುಖದಂತಿತ್ತು. ಅವನು ಓದುತ್ತಾ ಹೋದ. ಹದಿನೆಂಟು ಮುಗಿಯಿತು. ಇಲ್ಲಿಗೆ ಕಾಗದ ಮಡಿಚಿ ಇಳಿದರೆ ಮುಗಿಯಿತು. ಎಡಗಡೆ ಗುರುಗಳು ತಲೆ ಬಗ್ಗಿಸಿ ಕೂತಿದ್ದರು. ಮುಂದೆ ಅತ್ತೆ, ತಾನು ಬರೆದದ್ದನ್ನು ತುಟಿಯಾಡಿಸುತ್ತಾ ಮುಂಚೆಯೇ ಹೇಳಿಕೊಳ್ಳುತ್ತಿದ್ದವಳು, ಹತ್ತೊಂಬತ್ತಕ್ಕಾಗಿ ಬಾಯಿ ತೆರೆದು ಕಾಯುತ್ತಿದ್ದಳು. ಬಿಟ್ಟರೆ ಮನೆಗೆ ಹೋದಮೇಲೆ, ಯಾಕೋ ಬಿಟ್ಟೆ ಎಂದು ಅಜ್ಜಿಯೆದುರೇ ಕೇಳುತ್ತಾಳೆ. ಹತ್ತೊಂಬತ್ತನ್ನೂ ಓದಿಬಿಟ್ಟ. ಎಕ್ಸ್‌ರೇ ಕೋಣೆಯ ದನಿಯಲ್ಲೇ, ಪೀಠದ ಪಕ್ಕದಲ್ಲಿ ನಿಂತು, ತಾತನ ಪೆಟ್ಟಿಗೆಯೆದುರು. ಇಳಿಯುವಾಗ ಮೆಟ್ಟಿಲು ತಪ್ಪಿ ಮುಗ್ಗರಿಸಿದ. ಯಾರೋ, ಪಾಪ, ಹುಡುಗನಿಗೆ ದುಃಖ ಒತ್ತರಿಸಿ ಬಂದಿದೆ ಎಂದರು.

ಪೆಟ್ಟಿಗೆಗೆ ಮೊಳೆ ಹೊಡೆಯುವ ಮುಂಚೆ ಜಪಮಾಲೆಯನ್ನು ಒಳಗೆ ಸರಿಸಿಬಿಡಬೇಕೆಂದಿದ್ದ. ಆದರೆ ಅಜ್ಜಿ ತಲೆದೆಸೆಯಿಂದ ಕದಲಲೇ ಇಲ್ಲ. ತಾತನ ಕೈಗಳು ಬರಿದಾಗಿದ್ದವು. ಬೇರೆ ಜಪಮಾಲೆ ಇಡೋಣವೇ ಎಂದು ಅತ್ತೆ ಕೇಳಿದ್ದಕ್ಕೆ, "ಬೇಡ, ಅವರದ್ದು ಎಲ್ಲೋ ಇದೆ, ಬಿಡು" ಎಂದಳಷ್ಟೆ ಅಜ್ಜಿ. ಗುಂಡಿಗೆ ಮಣ್ಣು ಬಿತ್ತು. ಸಂಘದವನು ಊದಿದ ಕಹಳೆಯ ಸ್ವರ ನಡುವೆ ಒಂದು ಕಡೆ ಒಡೆಯಿತು. ಎಲ್ಲ ಮುಗಿದು ಜನ ಚದುರುವಾಗ ಅಜ್ಜಿ ನೇರವಾಗಿ ಗುರುಗಳ ಬಳಿ ಹೋದಳು. ಅವರ ಎರಡೂ ಕೈ ಹಿಡಿದುಕೊಂಡಳು. ಅವನು ಗುಂಡಿಯ ಈಚೆಗಿದ್ದ, ಮಾತು ಕೇಳಿಸುತ್ತಿರಲಿಲ್ಲ. ಅಜ್ಜಿಯ ತುಟಿ ಅಲುಗಿತು. ಗುರುಗಳು ಅವನ ಕಡೆಗೊಮ್ಮೆ ನೋಡಿದರು. ಮುಗಿಯಿತು ಎಂದುಕೊಂಡ. ಗುಂಡಿಯನ್ನು ಸುತ್ತಿ, ಹೂವಿನ ಚಕ್ರವೊಂದನ್ನು ತುಳಿದು ಓಡಿಹೋಗಿ ಹತ್ತಿರ ನಿಂತ.

"...ಆ ಬಿಳೀ ಉಡುಪಿನ ಕಂಕುಳ ಹೊಲಿಗೆ ಬಿಟ್ಟಿದೆ ಫಾದರ್, ಸೋಮವಾರ ಕಳಿಸಿಕೊಡಿ" ಎನ್ನುತ್ತಿದ್ದಳು ಅಜ್ಜಿ.

ಮನೆಗೆ ಬಂದು ಕೂತಾಗ ಅವನಿಗೆ ಮೈಯೆಲ್ಲ ಹಗುರವಾಗಿತ್ತು. ಕೇಳಲಿಲ್ಲ. ಇವತ್ತು ಕೇಳದವಳು ಇನ್ನು ಕೇಳುವುದಿಲ್ಲ. ಗಂಡಾಂತರ ಕಳೆಯಿತು ಎಂದುಕೊಂಡ ಮರುಕ್ಷಣವೇ, ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಅತ್ತೆ ಬಂದವರನ್ನು ಕಳಿಸಲು ಬಸ್ ನಿಲ್ದಾಣಕ್ಕೆ ಹೋಗಿದ್ದಳು. ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಪೀಠದ ಬಟ್ಟೆ ಅರ್ಧ ಮಡಿಚಿ ಬಿದ್ದಿತ್ತು. ಗೋಡೆಯ ಗಡಿಯಾರ ಆರು ಹೊಡೆದದ್ದೇ ತಡ, ಅಜ್ಜಿ ಕೂಗಿದಳು, "ಬಾರೋ ಇಲ್ಲಿ. ಜಪದ ಹೊತ್ತಾಯ್ತು. ನೀನು ಹೇಳು, ನಾನು ಉತ್ತರ ಕೊಡ್ತೀನಿ." ಅದು ತಾತನ ಕೆಲಸ. ಪ್ರತಿ ಜಪದ ಮೊದಲರ್ಧ ತಾತ ಹೇಳುವುದು, ಉಳಿದರ್ಧ ಅಜ್ಜಿ. ನನಗೆ ಮರೆತುಹೋಗಿದೆ ಎಂದ. "ಬಾಯಿಗೆ ಮರೆತಿರಲ್ಲ" ಎಂದಳು. ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೆಯ ಜಪಮಾಲೆಯೊಂದರತ್ತ ಅವನು ಕೈಚಾಚಿದ.

"ಅದ್ಯಾಕೆ? ನಿನ್ನ ಜೇಬಲ್ಲಿರೋದು ತೆಗಿ."

ಅವನು ತೆಗೆದ. ಮೇಜಿನ ಕಾಲು ಹಿಡಿದು ಮೊಣಕಾಲೂರಿದಳು, ಅವನೂ ಊರಿದ. ನಮೋ ಮರಿಯ ಎಂದು ತೊಡಗಿದರೆ ಉಳಿದದ್ದು ತಾನಾಗಿ ಬಂತು. ಸಂತ ಮರಿಯ ಎಂದು ಅಜ್ಜಿ ಎತ್ತಿಕೊಳ್ಳುತ್ತಿದ್ದಳು, ಪಾಪಿಗಳಾದ ನಮಗಾಗಿ, ಈಗಲೂ, ನಮ್ಮ ಮರಣದ ಗಳಿಗೆಯಲ್ಲೂ. ಹತ್ತು ಮಣಿಗೊಂದು ಗುಂಪು, ಒಟ್ಟು ಐದು ಗುಂಪು. ಏಳು ವರ್ಷದವನಿದ್ದಾಗ ಹೀಗೇ ನಡುವೆ ಕೂತು ಎಣಿಸಿ, "ತಾತ ಹನ್ನೊಂದು ಹೇಳಿದ್ರು! ಕೊನೇದ್ರಲ್ಲಿ ಹನ್ನೊಂದು!" ಎಂದು ಕೂಗಿದ್ದ. ಅಜ್ಜಿ ತೊಡೆಗೆ ಚುರುಕ್ಕನೆ ಬಾರಿಸಿ, "ನಿನಗೇ ಎಣಿಸೋಕೆ ಬರಲ್ಲ, ಸುಮ್ನಿರು" ಎಂದಿದ್ದಳು. ಅವಳು ಅವನಿಗೆ ಹೊಡೆದದ್ದು ಅದೊಂದೇ ಸಲ. ಐದನೆಯ ಗುಂಪಿನ ಹತ್ತನೆಯ ಮಣಿ ಮುಗಿಸಿ ಅವನು ಶಿಲುಬೆಯತ್ತ ಬೆರಳು ಸರಿಸಿದ.

"ಇನ್ನೊಂದು" ಎಂದಳು ಅಜ್ಜಿ.

ಹತ್ತನೆಯ ಮಣಿಗೇ ಹಿಂದಿರುಗಿ ಇನ್ನೊಂದು ಹೇಳಿದ. ಅವಳು ಉತ್ತರ ಕೊಟ್ಟಳು. "ಇದು ನಮ್ಮಣ್ಣಂದು" ಎಂದಳು. "ಪಾದ್ರಿ ಬಂದಿರ್ಲಿಲ್ಲ ಅವನಿಗೆ."

"ಅಜ್ಜೀ, ನಿಂಗೆ ಗೊತ್ತಿತ್ತಾ?"

"ಮದುವೆ ಆದ ವರ್ಷ ಆ ಪಾದ್ರಿಗೆ ಕಾಗದ ಬರೆದೆ. ನಮ್ಮಣ್ಣನ ಹತ್ರ ಬಂದ್ರಲ್ಲ, ನಿಮ್ಮ ಉಪಕಾರ ಮರೆಯಲ್ಲ ಅಂತ. ಅವರು ಉತ್ತರ ಬರೆದ್ರು. ಇಲ್ಲಮ್ಮ, ನನ್ನನ್ನ ಯಾರೂ ಕರೀಲಿಲ್ಲ, ಕರೆದಿದ್ರೆ ಬರ್ತಿದ್ದೆ ಅಂತ."

"ತಾತಂಗೆ ಹೇಳ್ಲಿಲ್ವಾ?"

"ಹೇಳಿದ್ರೆ ಆ ಮನುಷ್ಯ ನನ್ನ ಮುಖ ನೋಡ್ಕೊಂಡು ಬಾಳ್ತಿದ್ನಾ?" ಮೇಜಿನಿಂದ ಇಳಿಬಿದ್ದಿದ್ದ ಬಟ್ಟೆಯ ಅಂಚನ್ನು ಎಳೆದು ಸರಿಮಾಡಿದಳು. "ಬೆಂಕಿಯಂಥ ಸಿಟ್ಟು ಬಂತು ಕಣೋ. ಹದಿನೆಂಟು ದಿನ ಉಪ್ಪಿಲ್ಲದ ಅಡುಗೆ ಬಡಿಸಿದೆ. ಏನೇ ಇದು ಅಂತ ಕೇಳ್ತಾರೆ, ಆಗ ಹೇಳ್ಬಿಡೋಣ ಅಂತ. ಕೇಳ್ಲೇ ಇಲ್ಲ. ತಲೆ ಬಗ್ಗಿಸ್ಕೊಂಡು ತಿಂದ್ರು. ಹತ್ತೊಂಬತ್ತನೇ ದಿನ ಜಪದಲ್ಲಿ ಹತ್ತು ಮುಗಿದ ಮೇಲೆ ಇನ್ನೊಂದು ಹೇಳಿದ್ರು. ಉತ್ತರ ಕೊಡ್ಲೋ ಬೇಡ್ವೋ ಅಂತ ಸುಮಾರು ಹೊತ್ತು ಕೂತಿದ್ದೆ. ಕೊಟ್ಟೆ. ಅವತ್ತಿಂದ ದಿನಾ ಕೊಟ್ಟೆ."

ಹೊರಗೆ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು. ಅವನು ಏಳಲೆಂದು ಮೇಜಿನ ಅಂಚು ಹಿಡಿದ.

"ಇನ್ನೊಂದು ಹೇಳು."

ಅವನು ಅವಳನ್ನು ನೋಡಿದ.

"ಗುರುವಾರ ಫಾದರ್ ಊರಲ್ಲಿರ್ಲಿಲ್ಲ. ಧ್ಯಾನಕೂಟಕ್ಕೆ ಅವರ ಬಟ್ಟೆ ಇಸ್ತ್ರಿ ಮಾಡಿ, ಪೆಟ್ಟಿಗೇಲಿ ಜೋಡಿಸಿ ಕಳಿಸಿದ್ದು ನಾನು." ಅವಳು ಗೋಡೆಯನ್ನೇ ನೋಡುತ್ತಿದ್ದಳು. "ಬೇರೆ ಯಾರೋ ಬಂದಿರ್ಬಹುದು ಅಂತ ಆಸೆ ಇತ್ತು. ಅದಕ್ಕೇ ಇನ್ನೊಂದ್ಸಲ ಕೇಳ್ದೆ, ನಮ್ಮ ಫಾದರೇನಾ ಅಂತ. ನೀನು ಹೌದು ಅಂದೆ. ಹೇಳು, ನಿಮ್ಮ ತಾತಂಗೆ."

ಅವನು ಹತ್ತನೆಯ ಮಣಿಯನ್ನು ಮತ್ತೆ ಹಿಡಿದ. ನಮೋ ಮರಿಯ ಎಂದ. ಎರಡು ಸಲ ನಿಂತು, ಮೊದಲರ್ಧ ಮುಗಿಸಿದ. ಮುಗಿಸಿ ಕಾದ. ಉಸಿರು ಹಿಡಿದುಕೊಂಡಿದ್ದ. ಅಜ್ಜಿ ಬಾಯಿ ತೆರೆಯಲಿಲ್ಲ. ಅವಳು ಮೇಜಿನ ಕಾಲು ಹಿಡಿದು ನಿಧಾನ ಎದ್ದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಅಡುಗೆಮನೆಗೆ ಹೋದಳು. ಉಳಿದರ್ಧವನ್ನು ಅವನು ಹೇಳಲಿಲ್ಲ. ಅದು ಅವನದಾಗಿರಲಿಲ್ಲ. ಬೆರಳು ಮಣಿಯ ಮೇಲೇ ಇತ್ತು.

ಸ್ವಲ್ಪ ಹೊತ್ತಿಗೆ ಕರೆದಳು. ತಟ್ಟೆಯಲ್ಲಿ ಬಿಸಿ ಊಟ ಹಬೆಯಾಡುತ್ತಿತ್ತು. ಪಕ್ಕದಲ್ಲಿ ಲೋಟದ ತುಂಬ ನೀರು. ಬಿಸಿಯಾರಲಿ ಎಂದು ಅವಳೇ ತಟ್ಟೆಯನ್ನು ಸೆರಗಿನಿಂದ ಬೀಸಿದಳು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆಯೇ. ಅವನು ಮೊದಲ ತುತ್ತು ಬಾಯಿಗಿಟ್ಟ. ಅಗಿದ. ತಲೆಯೆತ್ತಿದರೆ ಎದುರಿಗೆ ಕೂತಿದ್ದ ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದಳು, ಕೇಳುತ್ತಾನೋ ಇಲ್ಲವೋ ಎಂದು. ಉಪ್ಪಿನ ಡಬ್ಬಿ ಕೈಗೆಟಕುವಷ್ಟು ದೂರದಲ್ಲೇ ಇತ್ತು. ಅವನು ತಲೆ ಬಗ್ಗಿಸಿ ಎರಡನೆಯ ತುತ್ತು ಕಲಸಿದ.